ಊದದೇ ಉಳಿದ ಸೀಟಿ

ನನಗೆ ಸೀಟಿಯ ಹುಚ್ಚು. ವಾರವಿಡೀ ಮರಾಠಿ ನಾಡಿನ ಹಡಪಸರದ ಆಫೀಸಿನಲ್ಲಿ ಎಲ್ಲರ ಮಾತಿಗೂ ತಲೆಯಾಡಿಸುವ ನಾನು, ಭಾನುವಾರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ರೆಫರಿಯಾಗಿ ನಿಂತು ಒಮ್ಮೆ ಊದಿದರೆ ಸಾಕು, ಆರಡಿ ಎತ್ತರದವರೂ ಗಪ್‌ಚಿಪ್ಪಾಗುತ್ತಾರೆ. ಮನೆಯಲ್ಲಿ ಈ ಸುಖವಿಲ್ಲ. ಅಲ್ಲಿ ಯಾವ ಪಲ್ಯ ಎಂಬ ನನ್ನ ತೀರ್ಪು ಕೂಡ ಸಂಜೆಯವರೆಗೆ ಉಳಿಯುವುದಿಲ್ಲ. ಗಂಡನ ದರ್ಬಾರನ್ನು ಒಮ್ಮೆಯಾದರೂ ನೋಡಲಿ ಎಂದು ಈ ಸಲದ ಹುಡುಗಿಯರ ಫೈನಲ್‌ಗೆ ಹೆಂಡತಿ ಸುನಂದಾಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಸಾಲದ್ದಕ್ಕೆ ಈ ವರ್ಷ ರೀಪ್ಲೇ ಬೇರೆ ಬಂದಿತ್ತು! ಅನುಮಾನವಿದ್ದರೆ ಗೋಡೆಯ ದೊಡ್ಡ ಪರದೆಯ ಮೇಲೆ ಮತ್ತೆ ನೋಡಬಹುದು. ಇನ್ನು ತಪ್ಪಾಗುವ ಮಾತೇ ಇಲ್ಲ ಎಂದು ಮೀಸೆ ತಿರುವಿದೆ.

ಅಬ್ಬಾ, ಪಂದ್ಯವೆಂದರೆ ಅದು! ಕೊನೆಯ ಗಳಿಗೆಯಲ್ಲಿ ನೀಲಿ ತಂಡ ಒಂದೇ ಅಂಕ ಹಿಂದೆ. ವೈಷ್ಣವಿ ಎಂಬ ಸಣಕಲು ಹುಡುಗಿ ಚೆಂಡು ಹಿಡಿದು ನುಗ್ಗಿದಳು, ಹಾರಿದಳು, ಎಸೆದಳು. ಆಟ ಮುಗಿದ ಬಜರ್ ಕೂಗಿತು, ಚೆಂಡು ಬಲೆಯೊಳಗೆ! ಬಾಸ್ಕೆಟ್ ಸರಿ ಎಂದು ಕೈ ತೋರಿಸಿದೆ. ಕೆಂಪು ತಂಡದ ಕೋಚ್ ಓಡಿ ಬಂದು, "ಸರ್, ರೀಪ್ಲೇ ಬಘಾ ನಾ!" ಎಂದು ಮರಾಠಿಯಲ್ಲಿ, ನೋಡಲೇಬೇಕೆಂದು ಹಟ ಹಿಡಿದರು.

ನೋಡಿದೆ. ಬಜರ್ ಆದಾಗ ಚೆಂಡು ಇನ್ನೂ ಅವಳ ಬೆರಳ ತುದಿಯಲ್ಲೇ ಇತ್ತು, ಅಂದರೆ ಬಾಸ್ಕೆಟ್ ಲೆಕ್ಕಕ್ಕಿಲ್ಲ. ಆದರೆ ಅದಕ್ಕೂ ಮೊದಲು ಕೆಂಪು ತಂಡದವಳೊಬ್ಬಳು ಅವಳ ಮಣಿಕಟ್ಟಿಗೆ ಪಟ್ಟನೆ ಹೊಡೆದದ್ದೂ ಅಷ್ಟೇ ಸ್ಪಷ್ಟವಾಗಿತ್ತು. ತಡವಾದದ್ದೇ ಆ ಪೆಟ್ಟಿನಿಂದ. ಆಟದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಾನು ಊದಿರಲಿಲ್ಲ. ನಿಯಮವೋ, ಚೆಂಡು ಕೈಬಿಟ್ಟ ಹೊತ್ತನ್ನಷ್ಟೇ ರೀಪ್ಲೇಯಲ್ಲಿ ನೋಡಬೇಕು. ಊದದೇ ಬಿಟ್ಟ ಫೌಲನ್ನು ಪರದೆ ನೋಡಿ ಕೊಡುವಂತಿಲ್ಲ. ಇಡೀ ಕ್ರೀಡಾಂಗಣ ಕಂಡದ್ದನ್ನು ನಾನೊಬ್ಬ ಕಾಣದವನಂತೆ ಬಾಸ್ಕೆಟ್ ರದ್ದು ಮಾಡಿದೆ. ನೀಲಿ ತಂಡ ಸೋತಿತು. ಗ್ಯಾಲರಿಯಿಂದ ವಿಜಯಪುರದ ಗಂಟಲೊಂದು, "ಹೊಡದಾಳ್ರೀ! ಕಣ್ಣ ಕಾಣೂದಿಲ್ಲೇನ್ರೀ?" ಎಂದು ಚೀರಿತು. ಅದು ಸುನಂದಾಳದೇ.

ವೈಷ್ಣವಿ ಕಣ್ಣೊರೆಸಿಕೊಳ್ಳುತ್ತ ನನ್ನ ಬಳಿ ಬಂದಳು. ಹೊಡೆದದ್ದು ನಿಮಗೆ ಕಾಣಿಸಿತೇ ಎಂದು ಮರಾಠಿಯಲ್ಲಿ ಕೇಳಿದಳು. ಕಾಣಿಸಿತು ಎಂದೆ. "ಮಗ?" ಎಂದಳು, ಅಂದರೆ, ಮತ್ತೆ? ನಾನು ಸ್ಕೋರು ಹಾಳೆಗೆ ಸಹಿ ಹಾಕಲು ತಿರುಗಿದೆ. ನಿಜಕ್ಕೂ ಸಂಕಟವಾಯಿತು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದಿನಿಂದ ವಿಚಾರಣೆ ಶುರುವಾಯಿತು.

"ಪರದೆ ಮ್ಯಾಲ ಕಂಡಿತಿಲ್ಲೋ?"

"ಕಂಡಿತು. ಆದರ ಅದನ್ನ ನೋಡೂ ಹಂಗಿಲ್ಲ."

"ಕಂಡದ್ದನ್ನ ನೋಡೂ ಹಂಗಿಲ್ಲಂದ್ರ ಅಷ್ಟ ದೊಡ್ಡ ಟಿವಿ ಯಾಕ ಬೇಕಿತ್ರೀ?"

ನಿಯಮವನ್ನು ಆವೇಶದಿಂದ ವಿವರಿಸುತ್ತಿದ್ದಾಗ ಕೆಂಪು ಸಿಗ್ನಲ್ ಬಂತು. ಹಿಂದಿದ್ದ ಬಸ್ಸು ಹಾರನ್ ಬಾರಿಸುತ್ತ ಮೈಮೇಲೇ ಬಂದದ್ದಕ್ಕೆ ಗಾಬರಿಯಾಗಿ ಗೆರೆ ದಾಟಿ ನಿಂತೆ. ಟ್ರಾಫಿಕ್ ಪೊಲೀಸ್ ಮೊಬೈಲಿನಲ್ಲಿ ಫೋಟೋ ತೋರಿಸಿದ. ಗೆರೆಯಾಚೆ ನನ್ನ ಚಕ್ರ! "ಸಾಹೇಬರೇ, ಬಸ್ಸು ನೋಡಿ! ಅದೇ ನನ್ನನ್ನು ಮುಂದೆ ನೂಕಿದ್ದು, ಇದೇ ಫೋಟೋದಲ್ಲಿದೆ!" ಎಂದು ನನ್ನ ಮರಾಠಿಯಲ್ಲಿ ಅಂಗಲಾಚಿದೆ.

"ಬಸ್ಸು ಕಾಣುತ್ತದೆ ಕಾಕಾ," ಎಂದು ಆತ ಮರಾಠಿಯಲ್ಲೇ ಶಾಂತವಾಗಿ ಹೇಳಿದ, "ಆದರೆ ನಾವು ನೋಡುವುದು ಗೆರೆ ಮಾತ್ರ."

ಹಿಂದಿನ ಸೀಟಿನಲ್ಲಿದ್ದ ಸುನಂದಾ, ಆ ದಿನ ಮೊದಲ ಬಾರಿಗೆ, ತೀರ್ಪುಗಾರನೊಬ್ಬನಿಗೆ ಚಪ್ಪಾಳೆ ತಟ್ಟಿದಳು.