ವರ್ತಕ ನಗರ–ಡೊಂಬಿವಲಿ ಎಣ್ಣೆ ಒಪ್ಪಂದ

ಸೂರ್ಯನಾರಾಯಣ ಮೇಷ್ಟ್ರಿಗೆ ಒಂದೇ ಒಂದು ಕೊರಗಿತ್ತು. ದಾದರ್ ಕಡೆಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅವರು ಪಾಠ ಹೇಳಿದ್ದು, ಯುದ್ಧ ಮುಗಿದ ಮೇಲೆ ದೇಶಗಳು ಮಾಡಿಕೊಳ್ಳುವ ಒಪ್ಪಂದಗಳ ಬಗ್ಗೆ. ಯಾವ ಸಹಿಯಿಂದ ಯಾರ ನೆಲ ಯಾರ ಪಾಲಾಯಿತು, ಯಾವ ಸಹಿಯ ಹೊಟ್ಟೆಯಲ್ಲಿ ಮುಂದಿನ ಯುದ್ಧ ಬೆಳೆಯಿತು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಇಷ್ಟು ತಿಳಿದವರನ್ನು ಲೋಕದಲ್ಲಿ ಒಬ್ಬರೂ ಒಂದು ಒಪ್ಪಂದಕ್ಕೆ ಕರೆಯಲಿಲ್ಲ. ಥಾಣೆ ವರ್ತಕ ನಗರದ ಅವರ ಸೊಸೈಟಿಯಲ್ಲಿ ಪಾರ್ಕಿಂಗ್ ಜಗಳವಾದಾಗ ರಾಜಿ ಮಾಡಿಸಲು ವಾಚ್‌ಮನ್‌ನನ್ನು ಕರೆದರೇ ಹೊರತು ಇವರ ಬಾಗಿಲು ತಟ್ಟಲಿಲ್ಲ.

ಕಡೆಗೆ ಯುದ್ಧವೇ ಮನೆ ಹುಡುಕಿಕೊಂಡು ಬಂತು.

ಒಂದು ಪಕ್ಷದಲ್ಲಿ ಅವರ ಹೆಂಡತಿ ಅನಸೂಯಮ್ಮ: ಮೈಸೂರಿನವರು, ಹರಳೆಣ್ಣೆಯ ಪರ. ಎದುರು ಪಕ್ಷದಲ್ಲಿ ಬೀಗಿತ್ತಿ ಜಯಲತಾ: ಉಡುಪಿಯವರು, ಗಂಡ ಪ್ರೇಮನಾಥರಿಗೆ ಡೊಂಬಿವಲಿಯಲ್ಲಿ ಹೋಟೆಲು, ತೆಂಗಿನೆಣ್ಣೆಯ ಪರ. ರಣರಂಗವೆಂದರೆ ಇಬ್ಬರ ಮೊಮ್ಮಗಳು, ಮೂರು ವರ್ಷದ ಯಾಮಿನಿಯ ತಲೆ.

ನರಕ ಚತುರ್ದಶಿಯ ಬೆಳಿಗ್ಗೆ ಅನಸೂಯಮ್ಮ ಆ ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜಿ ಎರೆದರು. ಹಬ್ಬದ ಊಟಕ್ಕೆಂದು ಮಗು ಮೇಷ್ಟ್ರ ಜೊತೆ ಡೊಂಬಿವಲಿಗೆ ಹೋಯಿತು. ಅಲ್ಲಿ ಜಯಲತಾ ತಲೆ ಮುಟ್ಟಿ ನೋಡಿ, ಇದೆಂಥ ಅಂಟು ಎಂದು ಮೂಗು ಮುರಿದು, ತೆಂಗಿನೆಣ್ಣೆ ಹಚ್ಚಿ ಮೊದಲಿನಿಂದ ಇನ್ನೊಂದು ಅಭ್ಯಂಜನ ಮಾಡಿಸಿದರು. ಮೂರನೆಯ ದಿನ ಮಗುವಿಗೆ ಶೀತ, ಕೆಮ್ಮು, ನೆಬ್ಯುಲೈಜರ್. ಅನಸೂಯಮ್ಮ ಫೋನಿನಲ್ಲಿ ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ವಾಸಿಯಿತ್ತು.) ನಮ್ಮನೆಯಿಂದ ಹೊರಡುವಾಗ ಮಗು ಚೆನ್ನಾಗಿಯೇ ಇತ್ತು ಎಂದಷ್ಟೇ ಹೇಳಿದರು. ನಮ್ಮ ಹೊಸಿಲು ತುಳಿಯುವಾಗಲೇ ಅದರ ಮೂಗು ಸೋರುತ್ತಿತ್ತು ಎಂದು ಆ ಕಡೆಯಿಂದ ಉತ್ತರ ಬಂತು. ಅಲ್ಲಿಗೆ ಎರಡು ರಾಷ್ಟ್ರಗಳ ರಾಯಭಾರ ಸಂಬಂಧ ಕಡಿದುಬಿತ್ತು.

ಮಗ ಅಭಿ, ಸೊಸೆ ಅಶ್ಮಿತಾ ಇಬ್ಬರೂ ಐರೋಳಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ಮನೆ ಮಾಡಿದ್ದರು. ಅದುವರೆಗೆ ಯಾಮಿನಿ ಹಗಲು ಹೊತ್ತು ವಾರಕ್ಕೆ ಮೂರು ದಿನ ವರ್ತಕ ನಗರದಲ್ಲಿ, ಎರಡು ದಿನ ಡೊಂಬಿವಲಿಯಲ್ಲಿ ಇರುತ್ತಿದ್ದಳು. ಇಬ್ಬರು ತಾಯಂದಿರ ದೂರು ಕೇಳಿ ಕೇಳಿ ತಲೆಕೆಟ್ಟ ಗಂಡ ಹೆಂಡತಿ ಅವಳನ್ನು ಪಕ್ಕದ ಕಟ್ಟಡದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪಾಳ್ಣಾಘರ್‌ಗೆ ಸೇರಿಸಿ, ನೀವು ರಾಜಿಯಾಗುವ ತನಕ ಮಗು ಎಲ್ಲಿಗೂ ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಅಜ್ಜಿಯರಿಗೇನು, ಯುದ್ಧದ ಉಮೇದಾದರೂ ಇತ್ತು. ಕಂಗಾಲಾದವರು ಮೇಷ್ಟ್ರು. ರಿಟೈರಾದ ಮೇಲೆ ಅವರ ಮಾತನ್ನು ಪೂರ್ತಿ ಕೇಳುತ್ತಿದ್ದ ಒಂದೇ ಜೀವ ಯಾಮಿನಿ. ಸಂಜೆ ನಾಲ್ಕಕ್ಕೆ ಅವಳ ಬೆರಳು ಹಿಡಿದು ಉಪವನ ಕೆರೆಗೆ ಹೋಗುವುದಕ್ಕಾಗಿಯೇ ಅವರು ಬೆಳಿಗ್ಗೆ ಏಳುತ್ತಿದ್ದರು. ಈಗ ಮೂರು ತಿಂಗಳಿಂದ ನಾಲ್ಕು ಗಂಟೆ ಸುಮ್ಮನೆ ಬಂದು ಸುಮ್ಮನೆ ಹೋಗುತ್ತಿತ್ತು.

ಹೀಗಾಗಿ ಮೇಷ್ಟ್ರು ಒಪ್ಪಂದ ಬರೆಯಲು ಕೂತರು. ಉದ್ದ ಹಾಳೆಯ ನಾಲ್ಕು ಪುಟ, ಸ್ವಂತ ಕೈಬರಹ. ಯಾರ ದಿನ ಯಾರ ಎಣ್ಣೆ ಎಂಬ ಪಟ್ಟಿಗಿಂತ ಮೊದಲು ಎರಡು ಮುಖ್ಯ ಕಲಮುಗಳು. ಒಂದು, ಯಾರನ್ನೂ ತಪ್ಪಿತಸ್ಥರೆಂದು ಬರೆಯಕೂಡದು. ಇನ್ನೊಂದು, ಮಧ್ಯಸ್ಥನಿಗೆ ಮತವಿಲ್ಲ. ಸಭೆ ಹೇಳಿದ್ದನ್ನು ಬರೆಯುವುದಷ್ಟೇ ಅವನ ಕೆಲಸ. ಈ ಎರಡನೆಯದನ್ನು ಬರೆದಾಗ ಅವರಿಗೆ ತಮ್ಮ ಮೇಲೆಯೇ ಗೌರವ ಉಕ್ಕಿತು.

ಭಾನುವಾರ ಬೆಳಿಗ್ಗೆ ಐರೋಳಿಯ ತಟಸ್ಥ ನೆಲದಲ್ಲಿ ಸಭೆ ಸೇರಿತು. ಯಾರೂ ಮೇಲು ಕೀಳಾಗದಿರಲೆಂದು ಇಬ್ಬರು ಅಜ್ಜಿಯರಿಗೂ ಒಂದೇ ಎತ್ತರದ ಪ್ಲಾಸ್ಟಿಕ್ ಕುರ್ಚಿ. ಯಾಮಿನಿ ಒಳಗೆ ಕಾರ್ಟೂನ್ ನೋಡುತ್ತಿದ್ದಳು. ಮೊದಲ ಮಹಾಯುದ್ಧವಾದ ಮೇಲೆ ವರ್ಸೇಲ್ಸ್‌ನಲ್ಲಿ ಎಲ್ಲ ತಪ್ಪನ್ನೂ ಜರ್ಮನಿಯ ತಲೆಗೆ ಕಟ್ಟಿದರು, ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ಘೋರ ಯುದ್ಧ ಬಂತು, ಸೋತವನನ್ನು ಅವಮಾನಿಸಬಾರದು ಎಂದು ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು. ನಸುಕಿನಲ್ಲೇ ಹೋಟೆಲು ತೆರೆಯುವ ಪ್ರೇಮನಾಥರು ಅಷ್ಟರಲ್ಲಿ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು.

"ಅದೆಲ್ಲ ಸರಿ ಮಾರಾಯ್ರೆ," ಎಂದರು ಜಯಲತಾ. "ಯಾರದ್ದೂ ತಪ್ಪಿಲ್ಲ ಅಂತಾದ್ರೆ ಶೀತ ಎಲ್ಲಿಂದ ಬಂದದ್ದು?"

ಅನಸೂಯಮ್ಮನವರೂ ಅದನ್ನೇ ಕೇಳಿದರು. ಆ ಯುದ್ಧದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಮೇಷ್ಟ್ರು ಹಿಗ್ಗಿ, ಹಾಗಾದರೆ ಮೊದಲು ನಡೆದದ್ದನ್ನು ನಡೆದಂತೆ ಬರೆಯೋಣ ಎಂದು ಪೆನ್ನು ತೆಗೆದರು. ಐದೂವರೆಗೆ ಥಾಣೆಯಲ್ಲಿ ಮೊದಲ ಸ್ನಾನ. ಏಳು ಹತ್ತರ ಸ್ಲೋ ಲೋಕಲ್. ಎಂಟಕ್ಕೆ ಡೊಂಬಿವಲಿಯಲ್ಲಿ ಎರಡನೆಯ ಸ್ನಾನ.

"ರೈಲಲ್ಲಿ ಮಗೂನ ಎಲ್ಲಿ ಕೂರಿಸ್ಕೊಂಡಿದ್ರಿ?" ಎಂದು ಕೇಳಿದರು ಅನಸೂಯಮ್ಮ.

"ನನ್ನ ತೊಡೆ ಮೇಲೆ. ಹಬ್ಬದ ದಿನ, ಡಬ್ಬಿ ಖಾಲಿ. ಕಿಟಕಿ ಸೀಟು ಸಿಕ್ತು."

"ಗಾಳಿ ಬರುವ ಬದಿಯದ್ದಾ?" ಜಯಲತಾ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಹೌದು, ಅದೇ," ಎಂದರು ಮೇಷ್ಟ್ರು ಸಂಭ್ರಮದಿಂದ. "ಮೂವತ್ತೊಂದು ವರ್ಷ ಓಡಾಡಿದ್ರೂ ನನಗೆ ಸಿಕ್ಕಿರ್ಲಿಲ್ಲ."

"ನಾನು ತಲೆಗೆ ಟೊಪ್ಪಿ ಹಾಕಿ ಕಳಿಸಿದ್ನಲ್ಲ?" ಎಂದರು ಅನಸೂಯಮ್ಮ.

"ಅವಳೇ ತೆಗೆದು ನನ್ನ ಜೇಬಿಗೆ ಹಾಕಿದ್ಲು. ಮುಂಬ್ರಾ ದಾಟಿ ಖಾಡಿ ನೀರಿನ ಪಕ್ಕ ಬಂದಾಗ ಕೂದಲೆಲ್ಲ ಹಾರ್ತಿತ್ತು. ಎಷ್ಟು ನಗ್ತಿದ್ಲು ಗೊತ್ತಾ ಅನಸೂಯ, ಡೊಂಬಿವಲಿ ತನಕ ನಕ್ಕಿದ್ದೇ ನಕ್ಕಿದ್ದು."

ರಿಟೈರಾದ ಮೇಲೆ ಅಷ್ಟು ಸುಖದ ಅರ್ಧ ಗಂಟೆಯನ್ನು ಅವರು ಕಂಡಿರಲಿಲ್ಲ. ಅದನ್ನು ತಾವೇ ಎತ್ತಿ ಶತ್ರುಗಳ ಕೈಗೆ ಕೊಟ್ಟೆವೆಂದು ಅವರಿಗೆ ಹೊಳೆದದ್ದು ಇಬ್ಬರು ಅಜ್ಜಿಯರು ಮೂರು ತಿಂಗಳಲ್ಲಿ ಮೊದಲ ಬಾರಿ ಮುಖ ಮುಖ ನೋಡಿಕೊಂಡಾಗ.

"ಅನಸೂಯಕ್ಕ, ನಾವು ಸುಮ್ಮನೆ ಜಗಳ ಮಾಡಿದ್ದು," ಎಂದರು ಜಯಲತಾ.

"ಒದ್ದೆ ತಲೆ ಮಗೂನ ಇವರ ಕೈಲಿ ಕಳಿಸಿದ್ದು ನನ್ನ ಬುದ್ಧಿಗೇಡಿತನ ಕಣ್ರೀ," ಎಂದು ಅನಸೂಯಮ್ಮ ಕಣ್ಣೊರೆಸಿಕೊಂಡರು.

ಉಳಿದದ್ದೆಲ್ಲ ಐದೇ ನಿಮಿಷದಲ್ಲಿ ಮುಗಿಯಿತು. ಎಣ್ಣೆಯ ಪಟ್ಟಿಯನ್ನು ಯಾರೂ ಓದಲೇ ಇಲ್ಲ. ಇಬ್ಬರೂ ಸಾಕ್ಷಿಗೆಂದು ತಂದಿದ್ದ ಎಣ್ಣೆ ಬಾಟ್ಲಿಗಳನ್ನು ಅದಲುಬದಲು ಮಾಡಿಕೊಂಡರು. ಮೊದಲಿನಂತೆ ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ. ಆಮೇಲೆ ಅನಸೂಯಮ್ಮ ಹೊಸ ಕಲಮು ಹೇಳಿದರು: ಯಾಮಿನಿಯನ್ನು ಅಜ್ಜ ಇನ್ನು ಮುಂದೆ ಎಲ್ಲಿಗೂ ಕರೆದುಕೊಂಡು ಹೋಗಕೂಡದು. ಎಚ್ಚರಗೊಂಡ ಪ್ರೇಮನಾಥರು ಗಾಬರಿಯಿಂದ ಯಾವ ಅಜ್ಜ ಎಂದು ಕೇಳಿದ್ದರಿಂದ "ವರ್ತಕ ನಗರದ ಅಜ್ಜ" ಎಂದು ತಿದ್ದಲಾಯಿತು. ಕೆರೆಗೂ ಬೇಡ, ಅಲ್ಲಿಯೂ ಗಾಳಿ ಉಂಟು ಎಂದು ಜಯಲತಾ ಸೇರಿಸಿದರು.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಶ್ಮಿತಾ ಮೃದುವಾಗಿಯೇ ಹೇಳಿದಳು: "ಮಾವ, ಮಧ್ಯಸ್ಥರಿಗೆ ಮತ ಇಲ್ಲ ಅಂತ ನೀವೇ ಬರೆದಿದ್ದೀರಲ್ಲ."

ಅವರು ಬರೆದರು. ದುಂಡು ಅಕ್ಷರ, ಒಂದೂ ತಪ್ಪಿಲ್ಲ.

ಇಂಥ ಒಪ್ಪಂದ ನಿಲ್ಲುವುದಿಲ್ಲ ಎಂದು ಮೇಷ್ಟ್ರು ಕಾದರು. ಒಂದು ತಿಂಗಳಾಯಿತು, ಎರಡಾಯಿತು. ಅಜ್ಜಿಯರು ಈಗ ದಿನಕ್ಕೆ ಒಂದು ಗಂಟೆ ಫೋನಿನಲ್ಲಿ ನಗುತ್ತಾರೆ. ಸೋತವನು ಮತ್ತೆ ಯುದ್ಧಕ್ಕೆ ಬರುತ್ತಾನೆ ಎಂದು ಮೂವತ್ತೊಂದು ಬ್ಯಾಚಿಗೆ ಪಾಠ ಹೇಳಿದ್ದರಲ್ಲ, ಬರಬೇಕಾದರೆ ಸೋತವನ ಬಳಿ ಸೈನ್ಯ ಇರಬೇಕು ಎಂಬ ಮಾತು ಅವರ ನೋಟ್ಸಿನಲ್ಲಿ ಎಲ್ಲೂ ಇರಲಿಲ್ಲ. ತಿದ್ದುಪಡಿ ಕೋರಿ ಒಂದು ಅರ್ಜಿ ಕೊಟ್ಟು ನೋಡಿದರು. ನಡತೆ ನೋಡಿ ಬರುವ ದೀಪಾವಳಿ ಕಳೆದ ಮೇಲೆ ಯೋಚಿಸೋಣ ಎಂದು ಎರಡೂ ಪಕ್ಷಗಳಿಂದ ಒಂದೇ ಉತ್ತರ ಬಂತು. ಅವರಿಗೆ ಅಳು ಬರುವಷ್ಟು ಸಿಟ್ಟು ಬಂತು, ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ.

ನಾಲ್ಕು ಗಂಟೆಗೆ ಯಾಮಿನಿಯನ್ನು ಕೆರೆಗೆ ಕರೆದೊಯ್ಯುವುದು ಈಗ ಅನಸೂಯಮ್ಮ. ಮೇಷ್ಟ್ರ ಪಾಲಿಗೆ ಉಳಿದಿರುವುದು ಒಂದೇ ಕೆಲಸ, ಮಗುವಿಗೆ ಟೊಪ್ಪಿ ಕಟ್ಟಿ ಕೊಡುವುದು. "ಅಜ್ಜಾ, ಚಲೋ ನಾ," ಎಂದು ಅವಳು ಬಂದ ದಿನವೆಲ್ಲ ಅವರ ಬೆರಳು ಹಿಡಿದು ಎಳೆಯುತ್ತಾಳೆ. ಮೇಷ್ಟ್ರು ಬೆರಳು ಬಿಡಿಸಿಕೊಂಡು, ನೆಲಕ್ಕೆ ಮಂಡಿಯೂರಿ, ಒಂದು ಕೂದಲೂ ಹಾರದ ಹಾಗೆ ದಾರವನ್ನು ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕುತ್ತಾರೆ.