ಕಾಲುವೆಯಲ್ಲಿ ಕುಳಿತ ಹೋರಿ

ಬೆಳಗ್ಗೆ ಏಳಕ್ಕೆ ನೀರಿನ ಸಂಘದ ಕಾರ್ಯದರ್ಶಿ ತೂಬು ತೆರೆದು ಹೋದದ್ದೇ ತಡ, ಸಾಧುವಿನ ಹೋರಿ ಕಾಲುವೆಗಿಳಿದು ಕುಳಿತುಬಿಟ್ಟಿತು. ಅದೂ ತೀರ ಇಕ್ಕಟ್ಟಾದ ಜಾಗದಲ್ಲಿ, ಬಾಟಲಿಗೆ ಬಿರಡೆ ಜಡಿದ ಹಾಗೆ.

ಮಳೆ ಕಾಣದ ಆ ಕಣಿವೆಯಲ್ಲಿ ದನ ಸಾಕುವ ಮನೆಗಳು ಹನ್ನೆರಡು, ಕಾಲುವೆ ಒಂದೇ. ಹನ್ನೆರಡು ದಿನಕ್ಕೊಮ್ಮೆ ಒಬ್ಬೊಬ್ಬರ ಸರದಿ. ಇಂದು ಸಾಧುವಿನದು. ಸಾಧು ಎಂಬುದು ಯಾರಿಗೂ ಇಲ್ಲ ಎನ್ನಲಾರದ್ದಕ್ಕೆ ಬಂದ ಅಡ್ಡಹೆಸರು. ಅವನ ಹುಲ್ಲುಗಾವಲು ಆಗಲೇ ಪೊರಕೆಯಂತಾಗಿತ್ತು. ಇಂದು ನೀರು ಹಾಯದಿದ್ದರೆ ಹದಿನಾಲ್ಕು ಹಸುಗಳಿಗೆ ಮೇವಿಲ್ಲ.

ಹೋರಿ ತಡೆದ ನೀರು ದಂಡೆ ಹತ್ತಿ, ಕೆಳಮನೆಯ ನಿವೃತ್ತ ಮೇಷ್ಟ್ರ ಹುಲ್ಲಿಗೆ, ಅಲ್ಲಿಂದ ಪಕ್ಕದ ಅಜ್ಜಿಯ ಬಯಲಿಗೆ ಹರಿಯತೊಡಗಿತು. ಇಬ್ಬರೂ ಸಹಾಯಕ್ಕೆ ಓಡಿ ಬಂದರು. ಇಂಥ ನೆರೆಯವರು ಯಾರಿಗುಂಟು ಎಂದುಕೊಂಡ ಸಾಧು.

ಅವನು ಹಗ್ಗ ತಂದರೆ, ಹೋರಿಯ ಕತ್ತು ಉಳುಕೀತೆಂದು ಮೇಷ್ಟ್ರು ತಡೆದರು. ಕೋಲೆತ್ತಿದರೆ ಅಜ್ಜಿ ಅಡ್ಡ ನಿಂತಳು.

"ಬಾಯಿಲ್ಲದ ಪ್ರಾಣಿ ಕಣಪ್ಪ. ಸುಸ್ತಾಗಿದೆ, ಕೂತ್ಕೊಳ್ಳಲಿ ಬಿಡು."

"ಅಜ್ಜಿ, ನನ್ನ ನೀರು..."

"ನೀರು ಎಲ್ಲಿಗೆ ಹೋಗತ್ತೆ? ಕಣಿವೇಲೇ ಇರತ್ತೆ."

ಮಧ್ಯಾಹ್ನ ಹೆಂಡತಿ ಹಿಂಡಿಯ ಬುಟ್ಟಿ ತಂದು ದಂಡೆಯಿಂದ ಆಸೆ ತೋರಿಸಿದಳು. ಹೋರಿ ಕುಳಿತಲ್ಲಿಂದಲೇ ಕತ್ತು ಚಾಚಿ ಬುಟ್ಟಿ ಬರಿದು ಮಾಡಿ, ಇನ್ನಷ್ಟು ಭಾರವಾಗಿ ಕುಳಿತಿತು. ಪಶುವೈದ್ಯ ಬಂದು ಬಾಲ ಎತ್ತಿ ನೋಡಿ, ಆರೋಗ್ಯ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದ.

ಸಂಜೆ ತೂಬು ಮುಚ್ಚಿ, ನೀರು ನಿಂತ ಮೇಲೆ ಹೋರಿ ಎದ್ದು ಮೈ ಕೊಡವಿ ಮನೆಗೆ ನಡೆಯಿತು.

ಅದರ ಹಿಂದೆಯೇ ಸಂಘದವರೆಲ್ಲ ಸಾಧುವಿನ ಅಂಗಳಕ್ಕೆ ಬಂದರು. ಸರದಿಯ ನೀರು ಸಾಲದೆ ವರ್ಷದಿಂದ ಒಣಗಿದ್ದ ಕೆಳಬಯಲು ನೆನೆದಿತ್ತು. ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ಅಜ್ಜಿ ತಲೆ ಸವರಿದಳು. ಒಂದು ಬೈಗುಳವೂ ಇಲ್ಲದೆ ತನ್ನ ಪಾಲನ್ನು ಹರಿಯಬಿಟ್ಟವನಿಗಿಂತ ತಕ್ಕವರು ಯಾರೆಂದು ಸಂಘ ಅವನನ್ನೇ ಎಲ್ಲರಿಗೂ ನೀರು ಹಂಚುವ ನೀರುಗಂಟಿಯಾಗಿ ಆರಿಸಿತ್ತು. ಕಾರ್ಯದರ್ಶಿ ತೂಬಿನ ಕೀಲಿಯನ್ನು ಕೈಗಿಟ್ಟ.

ಸಾಧುವಿನ ಎದೆ ಹಗುರಾಯಿತು. ಬಡಿಸುವವನೇ ತಾನಾದ ಮೇಲೆ ಎಲ್ಲಿ ಕುಳಿತರೇನು? ಒಬ್ಬೊಬ್ಬರಿಗೂ ಕೈಮುಗಿದ.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ಹಾಗಾದ್ರೆ ನಾಳೆ ಮೊದ್ಲು ನನ್ನ ಹುಲ್ಲಿಗೆ ಬಿಟ್ಕೊಳ್ಳಲಾ?"

ಎಲ್ಲರೂ ಪ್ರೀತಿಯಿಂದ ನಕ್ಕರು.

"ಬಡಿಸೋನು ಮೊದ್ಲು ಉಣ್ತಾನೇನಯ್ಯ?" ಎಂದ ಕಾರ್ಯದರ್ಶಿ. "ನೀರುಗಂಟಿಗೆ ಸರದಿ ಇಲ್ಲ. ಹನ್ನೊಂದು ಮನೇದೂ ಮುಗಿದ ಮೇಲೆ ಉಳಿದಿದ್ದೆಲ್ಲ ನಿಂದೇ."

"ಉಳಿದ್ರೆ," ಎಂದು ಮೇಷ್ಟ್ರು ತಿದ್ದಿದರು.