ಸುರಿನಾಮಿನ ನೀಲಿ ಸೂಜಿ

ನನಗೆ ಗೊತ್ತಿಲ್ಲದ ದೇಶ ಈ ಭೂಮಿಯ ಮೇಲೆ ಇಲ್ಲವೆಂದು ಎದೆ ತಟ್ಟಿಕೊಂಡು ಹೇಳುವ ಭೂಗೋಳದ ಮೇಷ್ಟ್ರು ನಾನು! ಹೋದ ವರ್ಷ ಶಾಲೆಯ ವಸ್ತುಪ್ರದರ್ಶನದಲ್ಲಿ ಒಂದು ನದಿಯನ್ನು ಪಕ್ಕದ ದೇಶದಲ್ಲಿ ಹರಿಸಿಬಿಟ್ಟಿದ್ದೆ, ನಿಜ. ನದಿ ಅಂದಮೇಲೆ ಅತ್ತಿತ್ತ ಹರಿಯುವುದೇ ಅದರ ಧರ್ಮ. ಆದರೆ ನಮ್ಮ ಹೆಡ್‌ಮೇಷ್ಟ್ರು ಅದನ್ನು ಮರೆತಿರಲಿಲ್ಲ. ಈ ಸಲ ನಕ್ಷೆಯಲ್ಲಿ ಒಂದು ತಪ್ಪು ಕಂಡರೂ ಭೂಗೋಳವನ್ನು ಡ್ರಿಲ್ ಮೇಷ್ಟ್ರಿಗೆ ವಹಿಸುತ್ತೇನೆಂದು ಹೇಳಿ ಚೀಟಿ ಎತ್ತಿಸಿದರು. ತಮಿಳು ಮತ್ತು ಡಚ್ ಭಾಷೆಗಳನ್ನು ಲೋಕದಲ್ಲಿ ಎಲ್ಲೆಲ್ಲಿ ಆಡುತ್ತಾರೆ, ಹೋಲಿಸಿ ತೋರಿಸಿ ಎಂದಿತ್ತು ನನ್ನ ಚೀಟಿಯಲ್ಲಿ.

"ಅರ್ಧ ಗಂಟೆ ಕೆಲಸ ಕಣೆ. ಪುಸ್ತಕಾನೂ ಮುಟ್ಟಲ್ಲ," ಎಂದು ಮನೆಯಲ್ಲಿ ಘೋಷಿಸಿದೆ.

ನರ್ಸ್ ಕೆಲಸದಿಂದ ದಣಿದು ಬಂದಿದ್ದ ಹೆಂಡತಿ ಕೈಮುಗಿದಳು. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಸೂಜಿಗೆ ದಾರ ಪೋಣಿಸಿದರು. ಅಂಚೆ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಜೊತೆಗಿರುವ ಅವರಿಗೆ ಮಾತು ಬಲು ಕಡಿಮೆ. ಆ ಕೊರತೆಯನ್ನು ನಾನೇ ತುಂಬಿಕೊಡುತ್ತಿದ್ದೆ.

ಗೋಡೆಗೆ ಹಾಕುವಷ್ಟು ದೊಡ್ಡ ಲೋಕನಕ್ಷೆಯೊಂದನ್ನು ಹಳೇ ಪೇಪರ್ ಅಂಗಡಿಯಿಂದ ತಂದೆ. ತೀರಿಹೋದ ಹಡಗಿನ ಕಪ್ತಾನನೊಬ್ಬನ ಮನೆಯ ಸಾಮಾನಂತೆ. ಬಿಚ್ಚಿದರೆ ಮುಗ್ಗಲು ವಾಸನೆ, ಹಿಂಬದಿಯಲ್ಲಿ ಅಂಗೈ ಅಗಲದ ಕಂದು ಕಲೆ. ಅದನ್ನು ನನ್ನ ಓದುವ ಕೋಣೆಯ ಗೋಡೆಗೆ ಹೊಡೆದೆ. ತಮಿಳಿಗೆ ಕೆಂಪು ತಲೆಯ ಗುಂಡುಸೂಜಿ, ಡಚ್ಚಿಗೆ ನೀಲಿ. ಭಾರತದ ದಕ್ಷಿಣದಲ್ಲೊಂದು, ಶ್ರೀಲಂಕಾದಲ್ಲೊಂದು ಕೆಂಪು. ನೆದರ್ಲೆಂಡ್ಸಿನಲ್ಲಿ ಒಂದು ನೀಲಿ. ಕೈ ಕೊಡವಿಕೊಂಡೆ.

ಮರುದಿನ ಸಂಜೆ ನಾಲ್ಕಕ್ಕೆ ಶಾಲೆಯಿಂದ ಬಂದು ನೋಡಿದರೆ ದಕ್ಷಿಣ ಅಮೆರಿಕದ ನೆತ್ತಿಯ ಮೇಲೆ, ಸುರಿನಾಮ್ ಎಂಬ ಪುಟ್ಟ ದೇಶದಲ್ಲಿ, ನೀಲಿ ಸೂಜಿಯೊಂದು ನಿಂತಿತ್ತು. ಅಲ್ಲಿ ಡಚ್ ಆಡುವವರು ಯಾರಪ್ಪ! ಹೆಂಡತಿ ಬೆಳಿಗ್ಗೆ ಆರಕ್ಕೇ ಆಸ್ಪತ್ರೆಗೆ ಹೋದವಳು ಇನ್ನೂ ಬಂದಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಸೂಜಿಯನ್ನು ಕಿತ್ತು ಡಬ್ಬಿಗೆ ಹಾಕಿದೆ.

ಅದರ ಮರುದಿನ ಸುರಿನಾಮಿನಲ್ಲಿ ಸೂಜಿ ಮತ್ತೆ ಎದ್ದು ನಿಂತಿತ್ತು, ಅದೇ ತೂತಿನಲ್ಲಿ. ಜೊತೆಗೆ ಸಿಂಗಾಪುರ, ಮಲೇಷ್ಯಾಗಳಲ್ಲಿ ಒಂದೊಂದು ಕೆಂಪು. ಮುಟ್ಟಿದರೆ ಸಿಂಗಾಪುರದ ಸೂಜಿಯ ತಲೆ ಇನ್ನೂ ಬೆಚ್ಚಗಿತ್ತು. ಕೈ ಹಿಂದಕ್ಕೆಳೆದುಕೊಂಡೆ.

ನಾನು ದೆವ್ವ ನಂಬುವವನಲ್ಲ. ಆದರೂ ಮೂರನೆಯ ದಿನ ಕೋಣೆಗೆ ಬೀಗ ಜಡಿದು ಕೀಲಿಕೈಯನ್ನು ಶಾಲೆಗೆ ಒಯ್ದೆ. ಸಾಲದ್ದಕ್ಕೆ, ಹೆಜ್ಜೆ ಗುರುತು ಸಿಗಲೆಂದು ನೆಲದ ತುಂಬ ಹಿಟ್ಟು ಚೆಲ್ಲಿದ್ದೆ. ಸಂಜೆ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಬೆಲ್ಜಿಯಮ್ಮಿನಲ್ಲಿ, ಕುರಸಾವೊ ಎಂಬ ನಡುಗಡ್ಡೆಯಲ್ಲಿ ನೀಲಿ. ಮಾರಿಷಸ್ಸಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಕೆಂಪು. ನೆಲದ ಮೇಲೆ ಹೆಜ್ಜೆ ಗುರುತಿರಲಿಲ್ಲ, ಏಕೆಂದರೆ ಹಿಟ್ಟೇ ಇರಲಿಲ್ಲ! ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊರಳು ಹಿಸುಕುವ ದೆವ್ವದ ಕಥೆ ಕೇಳಿದ್ದೆ, ಕಸ ಗುಡಿಸುವ ದೆವ್ವ ಇದೇ ಮೊದಲು. ಸತ್ತ ಕಪ್ತಾನ ತಾನು ಲಂಗರು ಹಾಕಿದ ಬಂದರುಗಳನ್ನೆಲ್ಲ ಒಂದೊಂದಾಗಿ ಚುಚ್ಚುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಜ್ವರ ನೋಡಿ, ಜ್ವರ ಇಲ್ಲ, ಇರೋದು ಬರೀ ಪುಕ್ಕಲುತನ ಎಂದು ವರದಿ ಕೊಟ್ಟಳು.

ಪ್ರದರ್ಶನದ ಹಿಂದಿನ ದಿನ ಶಾಲೆಗೆ ಹೋಗುವ ನಾಟಕವಾಡಿ, ಸದ್ದಿಲ್ಲದೆ ಹಿಂತಿರುಗಿ, ಕೋಣೆಗೆ ಬೀಗ ಹಾಕುವಂತೆ ಹೆಂಡತಿಗೆ ಹೇಳಿ ಬೀರುವಿನ ಹಿಂದೆ ಅಡಗಿ ನಿಂತೆ. ಅವಳಿಗೆ ಅಂದು ರಜೆ. ನಗುತ್ತಲೇ ಬೀಗ ಹಾಕಿ ಪೇಟೆಗೆ ಹೋದಳು. ಮನೆ ನಿಶ್ಶಬ್ದವಾಯಿತು. ಗಡಿಯಾರದ ಸದ್ದು, ನನ್ನ ಎದೆಯ ಸದ್ದು ಎರಡೇ. ಹನ್ನೊಂದು ಹೊಡೆಯಿತು. ಬೀಗದೊಳಗೆ ಏನೋ ಮೆಲ್ಲಗೆ ತಿರುಗಿತು. ಬಾಗಿಲು ತಾನಾಗಿ ತೆರೆದಂತೆ ತೆರೆಯಿತು. ಬಿಳಿಯ ತಲೆಯೊಂದು ಒಳಗೆ ಬಂತು. ಕಿರುಚಬೇಕೆಂದು ಬಾಯಿ ತೆರೆದೆ, ಗಾಳಿ ಮಾತ್ರ ಹೊರಬಂತು.

ಬಂದದ್ದು ಅತ್ತೆ! ಕನ್ನಡಕ ಏರಿಸಿಕೊಂಡು, ಹೊಲಿಗೆ ಡಬ್ಬಿಯಿಂದ ಕೆಂಪು ಸೂಜಿ ತೆಗೆದು, ಫಿಜಿಯನ್ನು ಹುಡುಕಿ ಚುಚ್ಚಿದರು. ನಾನು ಬೀರುವಿನ ಹಿಂದಿನಿಂದ ತೆವಳಿ ಬಂದರೂ ಅವರು ಬೆಚ್ಚಲಿಲ್ಲ.

"ಅತ್ತೆ, ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ವಲ್ಲ ಅಳಿಯಂದ್ರೇ," ಅಂದರು.

ಆಗ ತಿಳಿಯಿತು. ಮೂವತ್ತೆರಡು ವರ್ಷ ಅವರು ಹೊರದೇಶದ ಟಪಾಲು ವಿಂಗಡಿಸಿದವರು. ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಗೋಡೆಯ ತುಂಬ ಮರದ ಗೂಡುಗಳು, ದೇಶಕ್ಕೊಂದು. ಯಾವ ಲಿಪಿಯ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವರ ಬೆರಳಿಗೇ ಗೊತ್ತು. ಒಬ್ಬರು ತಪ್ಪು ಗೂಡಿಗೆ ಹಾಕಿದ ಕಾಗದ ಇನ್ನೊಬ್ಬರಿಗೆ ಕಂಡರೆ ಕೂಗಾಡಬಾರದು, ಹೆಸರೆತ್ತಬಾರದು. ಎತ್ತಿ ಸರಿಯಾದ ಗೂಡಿಗೆ ಹಾಕಿ ಸುಮ್ಮನಾಗಬೇಕು. ಅದು ಆ ಕೋಣೆಯ ಪದ್ಧತಿಯಂತೆ. ಈ ಮನೆಯ ಪ್ರತಿ ಬೀಗದ ಎರಡನೆಯ ಕೀಲಿಯೂ ಆ ಹೊಲಿಗೆ ಡಬ್ಬಿಯಲ್ಲೇ ಇತ್ತು.

"ಡಚ್ಚು ಹಡಗಲ್ಲಿ ಯಜಮಾನರ ಜೊತೆ ಹೋಯ್ತು, ತಮಿಳು ಕೂಲಿಗಳ ಜೊತೆ ಹೋಯ್ತು," ಅಂದರು ಅತ್ತೆ, ನಕ್ಷೆಯನ್ನು ಸವರುತ್ತ. "ಮನೆಗೆ ಕಾಗದ ಮಾತ್ರ ಇಬ್ಬರೂ ಬರೀತಿದ್ರು."

ನನಗೆ ನಾಚಿಕೆಯಾಯಿತು. ಎರಡು ವರ್ಷ ಒಂದೇ ಸೂರಿನಡಿ ಇದ್ದು ಅಂಚೆಯಲ್ಲಿ ಅವರ ಕೆಲಸವೇನಿತ್ತೆಂದು ನಾನು ಕೇಳಿರಲೇ ಇಲ್ಲ.

ಆದರೆ ನಾಚಿಕೆ ಒಂದೇ ದಿನ ಬಾಳಿತು. ಪ್ರದರ್ಶನದಲ್ಲಿ ತೀರ್ಪುಗಾರರು ನಕ್ಷೆಯ ಮುಂದೆ ನಿಂತು, ಸುರಿನಾಮನ್ನು ಎಲ್ಲರೂ ಮರೆಯುತ್ತಾರೆ, ಇದನ್ನೆಲ್ಲ ನೀವೇ ಹುಡುಕಿದಿರಾ ಎಂದು ಕೇಳಿದರು. ಹೆಡ್‌ಮೇಷ್ಟ್ರು ನೋಡುತ್ತಿದ್ದರು, ಡ್ರಿಲ್ ಮೇಷ್ಟ್ರು ಸೀಟಿ ಹಿಡಿದು ಕಾಯುತ್ತಿದ್ದರು. ಬಾಯಿಂದ ತಾನಾಗಿ "ಹೂಂ" ಬಂತು. ಭೂಗೋಳ ಉಳಿಯಿತು! ಮೊದಲ ಬಹುಮಾನದ ಪತ್ರವೂ ಸಿಕ್ಕಿತು. ಚಿನ್ನದ ಬಣ್ಣದ ಕಟ್ಟು ಹಾಕಿಸಿ, ನನ್ನ ಹೆಸರು ಬೀದಿಗೂ ಕಾಣುವಂತೆ ಹಜಾರದಲ್ಲಿ ತೂಗುಹಾಕಿದೆ. ಅತ್ತೆ ಒಮ್ಮೆ ನೋಡಿ ಸೂಜಿಗೆ ದಾರ ಪೋಣಿಸಿದರು.

ಮರುದಿನ ಸಂಜೆ ನಾಲ್ಕಕ್ಕೆ ಮನೆಗೆ ಬಂದೆ. ಹಜಾರದ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಕೋಣೆ ಕೋಣೆ ಹುಡುಕಿದೆ. ಬಹುಮಾನದ ಪತ್ರ ಅತ್ತೆಯ ಮಂಚದ ಮೇಲಿನ ಗೋಡೆಯಲ್ಲಿ ನೆಟ್ಟಗೆ ತೂಗುತ್ತಿತ್ತು. ಅತ್ತೆಯನ್ನು ಕೇಳಿದರೆ, ಬೆಳಗಿನಿಂದ ಪಕ್ಕದ ಮನೆಯಲ್ಲಿದ್ದೆ, ಈಗ ತಾನೇ ಬಂದೆ ಅಂದರು. ಪತ್ರವನ್ನು ಕಂಡು ಅವರಿಗೇ ಆಶ್ಚರ್ಯ.

ಹೆಂಡತಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ದೆವ್ವ ಇರ್ಬೇಕು ರೀ," ಅಂದಳು. "ತಪ್ಪು ಗೂಡಲ್ಲಿ ಇತ್ತಲ್ಲ."